ಆಡಿಟ್ ಫೀಸು ಹುಟ್ಟುವುದು ಬೋರ್ಡ್ ರೂಮಿನಲ್ಲಿ: ಕಂಪನಿಗಳಿಗೊಂದು ಸಮಗ್ರ ಮಾರ್ಗದರ್ಶಿ

ವಾರ್ಷಿಕ ಸಭೆ ಹತ್ತಿರ ಬಂತೆಂದರೆ ಆಡಿಟ್ ಫೀಸಿನ ಮಾತು ಸಂತೆಯ ಚೌಕಾಸಿಯ ಧಾಟಿಗೆ ಇಳಿಯುತ್ತದೆ. ಆಡಿಟರ್ ಶೇ 15 ಹೆಚ್ಚು ಕೇಳುತ್ತಾರೆ, ಎಂ.ಡಿ. ಶೇ 5 ಅನ್ನುತ್ತಾರೆ, ಎಂಟಕ್ಕೋ ಹತ್ತಕ್ಕೋ ಕುದುರುತ್ತದೆ. ಆ ಹದಿನೈದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಉತ್ತರದ ಬಹುಪಾಲು ಕಂಪನಿಯೊಳಗೇ ಸಿಗುತ್ತಿತ್ತು: ಮೂರು ತಿಂಗಳು ತಡವಾಗಿ ಬರೆದ ಮಿನಿಟ್ಸ್ (ಸಭೆಯ ನಡಾವಳಿ), ನಿರ್ದೇಶಕರ ಮನೆಯವರ ಸಂಸ್ಥೆಯ ಜೊತೆ ನಡೆದು ಯಾರಿಗೂ ಹೇಳದೆ ಉಳಿದ ಖರೀದಿ, ಏಪ್ರಿಲ್ 6ಕ್ಕೆ ಎಣಿಸಿದ ಮಾರ್ಚ್ 31ರ ದಾಸ್ತಾನು.

ಈ ಬರಹ ಸಿಎಫ್‌ಒ (ಹಣಕಾಸು ಮುಖ್ಯಸ್ಥರು), ಕಂಪನಿ ಸೆಕ್ರೆಟರಿ ಮತ್ತು ಆಡಿಟ್ ಮೇಲೆ ನಿಗಾ ಇಡುವ ಬೋರ್ಡಿನ ಸಮಿತಿಯಾದ ಆಡಿಟ್ ಕಮಿಟಿಯಲ್ಲಿ ಕೂರುವ ಸ್ವತಂತ್ರ ನಿರ್ದೇಶಕರಿಗೆ (ಪ್ರವರ್ತಕರ, ಆಡಳಿತ ವರ್ಗದ ನಂಟಿಲ್ಲದವರು). ಆಧಾರ 2013ರ ಕಂಪನಿ ಕಾಯ್ದೆ. ಲಿಸ್ಟೆಡ್ ಕಂಪನಿಗಳಿಗೆ (ಷೇರುಪೇಟೆಯಲ್ಲಿ ನೋಂದಾಯಿತವಾದವು) ಅದರ ಜೊತೆಗೆ ಷೇರುಪೇಟೆ ನಿಯಂತ್ರಕ ಸೆಬಿಯ 2015ರ ಲಿಸ್ಟಿಂಗ್ ನಿಯಮಗಳು.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ

ಆಡಳಿತ ಚೆನ್ನಾಗಿದ್ದರೆ ಆಡಿಟ್ ಫೀಸು ಇಳಿಯುತ್ತದೆ ಎನ್ನುವುದು ಅರ್ಧ ಸತ್ಯ. 1980ರಲ್ಲಿ ಲೆಕ್ಕಶಾಸ್ತ್ರದ ಸಂಶೋಧಕ ಡ್ಯಾನ್ ಸಿಮ್ಯುನಿಕ್ ಮುಂದಿಟ್ಟ ಲೆಕ್ಕಾಚಾರದಲ್ಲಿ ಫೀಸಿಗೆ ಎರಡು ಭಾಗ. ಒಂದು, ಎಷ್ಟು ಕೆಲಸ ಹಿಡಿಯುತ್ತದೆ ಮತ್ತು ಅದರ ದರವೇನು ಎಂಬುದು. ಎರಡನೆಯದು, ನಾಳೆ ಲೆಕ್ಕ ತಪ್ಪೆಂದು ಸಾಬೀತಾದರೆ ಆಡಿಟರ್ ತಲೆ ಮೇಲೆ ಬೀಳುವ ನಷ್ಟದ ಅಂದಾಜು. ಒಳಗಿನ ನಿಯಂತ್ರಣ (ತಪ್ಪು, ಮೋಸ ತಡೆಯಲು ಕಂಪನಿಯೇ ಇಟ್ಟುಕೊಂಡ ವ್ಯವಸ್ಥೆ) ಬಿಗಿಯಾಗಿದ್ದರೆ ಎರಡೂ ಕುಗ್ಗುತ್ತವೆ. ಅಧ್ಯಕ್ಷ ಮತ್ತು ಸಿಇಒ ಬೇರೆ ಬೇರೆಯಾಗಿರುವ ಕಂಪನಿಗಳಲ್ಲಿ ಫೀಸು ಕಡಿಮೆ ಎಂದು ಹಾಂಗ್‌ಕಾಂಗ್‌ನ 2001ರ ಅಧ್ಯಯನವೊಂದು ಕಂಡದ್ದು ಈ ಕಾರಣಕ್ಕೆ. ಮರುವರ್ಷವೇ ಅಮೆರಿಕದ ದೊಡ್ಡ ಕಂಪನಿಗಳ ಅಧ್ಯಯನ ತಿರುವುಮುರುವಾದ ಫಲ ಕೊಟ್ಟಿತು: ಸ್ವತಂತ್ರರು ಹೆಚ್ಚಿರುವ, ಪದೇಪದೇ ಸೇರುವ, ಅನುಭವಿಗಳಿರುವ ಬೋರ್ಡುಗಳು ಹೆಚ್ಚು ಫೀಸು ಕೊಡುತ್ತಿದ್ದವು. ಅಂಥ ಬೋರ್ಡಿಗೆ ಸಹಿಯಷ್ಟೇ ಸಾಲದು, ಆಳದ ತಪಾಸಣೆ ಬೇಕು; ಅದಕ್ಕೆ ದುಡ್ಡು ಬಿಚ್ಚುತ್ತದೆ.

ಎರಡೂ ನಿಜ. ಹಾಗಾಗಿ ಬಿಲ್ಲಿನ ಕೊನೆಯ ಮೊತ್ತದ ಬೆನ್ನು ಹತ್ತಬೇಡಿ. ಆ ಮೊತ್ತದೊಳಗೆ ನಿಮ್ಮ ಅಸಡ್ಡೆಯಿಂದ ವ್ಯರ್ಥವಾದ ಗಂಟೆ ಎಷ್ಟು, ಷೇರುದಾರರಿಗೆ ಕೆಲಸಕ್ಕೆ ಬಂದ ಗಂಟೆ ಎಷ್ಟು ಎಂದು ಬೇರ್ಪಡಿಸಿ. ಮೊದಲನೆಯದನ್ನು ಕಡಿಯಿರಿ, ಎರಡನೆಯದಕ್ಕೆ ಕೈ ಹಚ್ಚಬೇಡಿ.

ಹಂತ 1: ಹೋದ ವರ್ಷದ ಬಿಲ್ಲನ್ನು ಬಿಡಿಸಿ

ಹಣಕಾಸು ಪಟ್ಟಿಯ ಟಿಪ್ಪಣಿಯಲ್ಲಿ ಆಡಿಟರಿಗೆ ಕೊಟ್ಟದ್ದನ್ನು ಬೇರೆ ಬೇರೆ ತೋರಿಸಬೇಕು: ಆಡಿಟಿಗೆ, ತೆರಿಗೆ ಕೆಲಸಕ್ಕೆ, ಕಂಪನಿ ಕಾನೂನಿನ ಕೆಲಸಕ್ಕೆ, ಇತರ ಸೇವೆಗೆ, ಖರ್ಚು ಮರುಪಾವತಿಗೆ. ಹಿಂದಿನ ಮೂರು ವರ್ಷಗಳ ಈ ಸಾಲುಗಳನ್ನು ಪಕ್ಕಪಕ್ಕ ಇಡಿ. ಶೇ 18ರ ಜಿಎಸ್‌ಟಿಯನ್ನು ಹೊರಗಿಡಿ. ಒಂದು ವರ್ಷ ಸೇರಿಸಿ ಇನ್ನೊಂದು ವರ್ಷ ಬಿಟ್ಟು ಹೋಲಿಸುವುದು ಸರ್ವೇಸಾಮಾನ್ಯ ತಪ್ಪು. ಆಮೇಲೆ ಆಡಿಟರಲ್ಲಿ ಗಂಟೆಗಳ ವಿವರ ಕೇಳಿ: ಪಾರ್ಟ್‌ನರ್ ಎಷ್ಟು, ಮ್ಯಾನೇಜರ್ ಎಷ್ಟು, ಆರ್ಟಿಕಲ್ ಹುಡುಗ-ಹುಡುಗಿಯರು (ಸಿಎ ತರಬೇತಿಯಲ್ಲಿರುವ ಸಹಾಯಕರು) ಎಷ್ಟು. ಕೊಡಲು ಹಿಂಜರಿಯುತ್ತಾರೆ. ಕೇಳುವುದು ಸಿಎಫ್‌ಒ ಅಲ್ಲದೆ ಆಡಿಟ್ ಕಮಿಟಿಯಾದರೆ ಸಾಮಾನ್ಯವಾಗಿ ಕೊಡುತ್ತಾರೆ.

ಲೆಕ್ಕ ಹೀಗೆ ಬರುತ್ತದೆ. ದರಗಳು ಲೆಕ್ಕಕ್ಕೆಂದು ಇಟ್ಟುಕೊಂಡವು, ಮಾರುಕಟ್ಟೆಯವಲ್ಲ. ಪಾರ್ಟ್‌ನರ್ 60 ಗಂಟೆ, ಗಂಟೆಗೆ ₹5,000ರಂತೆ ₹3,00,000. ಮ್ಯಾನೇಜರ್ 160 ಗಂಟೆ, ₹2,000ರಂತೆ ₹3,20,000. ಸಹಾಯಕರು 480 ಗಂಟೆ, ₹600ರಂತೆ ₹2,88,000. ಒಟ್ಟು 700 ಗಂಟೆ, ₹9,08,000. ಈ ಅಂಕಿಗಳಿಗೆ ಮುಂದೆ ಮತ್ತೆ ಬರೋಣ.

ಫೀಸನ್ನು ಲಾಭದ ಇಷ್ಟು ಶೇಕಡಾ ಎಂದು ನಿಗದಿ ಮಾಡುವಂತಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಅದು ವೃತ್ತಿ ದುರ್ನಡತೆ. ಯಾರಾದರೂ ಹಾಗೆ ಕೊಟೇಶನ್ ಕೊಟ್ಟರೆ ಮಾತುಕತೆ ಅಲ್ಲಿಗೇ ಮುಗಿಸಿ.

ಹಂತ 2: ಯಾವ ನಿಯಮದ ಗೆರೆ ದಾಟಿದ್ದೀರಿ?

ಫೀಸು ಏಕಾಏಕಿ ಜಿಗಿಯುವುದು ಬಹಳ ಸಲ ಇಂಥ ಗೆರೆ ದಾಟಿದ ವರ್ಷ. ಲಿಸ್ಟ್ ಆಗದ ಪಬ್ಲಿಕ್ ಕಂಪನಿಯ ಪಾವತಿಯಾದ ಬಂಡವಾಳ ₹10 ಕೋಟಿ ಮುಟ್ಟಿದರೆ, ಇಲ್ಲವೇ ವಹಿವಾಟು ₹100 ಕೋಟಿ ಮುಟ್ಟಿದರೆ, ಇಲ್ಲವೇ ಸಾಲ, ಡಿಬೆಂಚರ್ (ಸಾಲಪತ್ರ), ಠೇವಣಿ ಸೇರಿ ₹50 ಕೋಟಿ ಮೀರಿದರೆ ಆಡಿಟ್ ಕಮಿಟಿ ಕಡ್ಡಾಯ. ನಿಗದಿತ ಅವಧಿ ಮುಗಿದ ಮೇಲೆ ಆಡಿಟರನ್ನು ಬದಲಿಸಲೇಬೇಕೆಂಬ ನಿಯಮಕ್ಕೆ ಗೆರೆಗಳು ಬೇರೆ: ಪಬ್ಲಿಕ್ ಕಂಪನಿಗೆ ₹10 ಕೋಟಿ ಬಂಡವಾಳ, ಪ್ರೈವೇಟ್ ಕಂಪನಿಗೆ ₹50 ಕೋಟಿ ಬಂಡವಾಳ, ಇಬ್ಬರಿಗೂ ಅನ್ವಯಿಸುವಂತೆ ಬ್ಯಾಂಕು-ಹಣಕಾಸು ಸಂಸ್ಥೆಗಳ ಸಾಲ ಅಥವಾ ಸಾರ್ವಜನಿಕ ಠೇವಣಿ ₹50 ಕೋಟಿ. ಪ್ರೈವೇಟ್ ಕಂಪನಿಗೆ ಆಂತರಿಕ ಆಡಿಟ್ (ಕಂಪನಿಯೇ ತನಗಾಗಿ ಮಾಡಿಸಿಕೊಳ್ಳುವ ತಪಾಸಣೆ) ಬೇಕಾಗುವುದು ವಹಿವಾಟು ₹200 ಕೋಟಿಗೆ ತಲುಪಿದಾಗ ಅಥವಾ ಸಾಲ ₹100 ಕೋಟಿ ತಲುಪಿದಾಗ.

ಹಣಕಾಸಿನ ಆಂತರಿಕ ನಿಯಂತ್ರಣಗಳ ಬಗ್ಗೆ ಆಡಿಟರ್ ಕೊಡಬೇಕಾದ ಪ್ರತ್ಯೇಕ ಅಭಿಪ್ರಾಯ ಸಾಕಷ್ಟು ಗಂಟೆ ತಿನ್ನುತ್ತದೆ. ವಹಿವಾಟು ₹50 ಕೋಟಿಗಿಂತ ಕಡಿಮೆಯಿದ್ದು, ವರ್ಷದ ಯಾವ ದಿನವೂ ಸಾಲ ₹25 ಕೋಟಿ ಮುಟ್ಟದ ಪ್ರೈವೇಟ್ ಕಂಪನಿಗೆ 2017ರ ಅಧಿಸೂಚನೆಯಿಂದ ವಿನಾಯಿತಿ ಸಿಕ್ಕಿದೆ. ಆದರೆ ಹಣಕಾಸು ಪಟ್ಟಿಯನ್ನೋ ವಾರ್ಷಿಕ ರಿಟರ್ನನ್ನೋ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸದೆ ತಪ್ಪಿದ್ದರೆ ವಿನಾಯಿತಿ ಇಲ್ಲ. ಅದರ ಬೆಲೆ ತಡ ಶುಲ್ಕದಲ್ಲಿ ಕಾಣುವುದಿಲ್ಲ, ಆಡಿಟ್ ಬಿಲ್ಲಿನಲ್ಲಿ ಕಾಣುತ್ತದೆ. ಇನ್ನೊಂದು ಬಲೆ: ಪಬ್ಲಿಕ್ ಕಂಪನಿಯ ಅಂಗಸಂಸ್ಥೆಯಾದ ಪ್ರೈವೇಟ್ ಕಂಪನಿಯನ್ನು ಕಾಯ್ದೆ ಪಬ್ಲಿಕ್ ಎಂದೇ ಎಣಿಸುತ್ತದೆ. ಹೆಸರಿನಲ್ಲಿ 'ಪ್ರೈವೇಟ್' ಇದೆಯೆಂದು ನಿಶ್ಚಿಂತೆಯಿಂದ ಇರಬೇಡಿ.

ಈ ಗೆರೆಗಳಲ್ಲಿ ಯಾವುದಕ್ಕೆ ಶೇ 20ರಷ್ಟು ಹತ್ತಿರ ಬಂದಿದ್ದೀರಿ ಎಂದು ಜನವರಿಯಲ್ಲೇ ಒಂದು ಹಾಳೆಯಲ್ಲಿ ಬರೆದು ಬೋರ್ಡಿನ ಮುಂದಿಡಿ.

ಹಂತ 3: ಆಡಿಟರ್ ಕಣ್ಣಿನಿಂದ ನಿಮ್ಮನ್ನೇ ನೋಡಿಕೊಳ್ಳಿ

ಹೊಸ ಆಡಿಟರ್ ಮೊದಲ ಭೇಟಿಯಲ್ಲೇ ಮಿನಿಟ್ಸ್ ಪುಸ್ತಕ ತೆಗೆಯುವುದು ಸುಮ್ಮನೆ ಅಲ್ಲ. ಸಭೆ ಮುಗಿದ 30 ದಿನದೊಳಗೆ ನಡಾವಳಿ ಪುಸ್ತಕಕ್ಕೆ ಏರಬೇಕು. ಕರಡು 15 ದಿನದೊಳಗೆ ನಿರ್ದೇಶಕರಿಗೆ ಹೋಗಬೇಕು. ನಾಲ್ಕು ಸಭೆಯ ನಡಾವಳಿಯೂ ಒಂದೇ ದಿನ ಟೈಪಾದಂತೆ ಕಂಡರೆ, ಎಲ್ಲದರಲ್ಲೂ "ಚರ್ಚಿಸಿ ಅನುಮೋದಿಸಲಾಯಿತು" ಎಂಬ ಒಂದೇ ಸಾಲಿದ್ದರೆ, ಆತ ನಿಯಂತ್ರಣಗಳ ಮೇಲಿನ ಭರವಸೆ ಕೈಬಿಟ್ಟು ವೋಚರ್ ವೋಚರ್ ನೋಡಲು ಯೋಜನೆ ಹಾಕುತ್ತಾನೆ. ಗಂಟೆ ಏರುವುದು ಅಲ್ಲೇ.

ಅವನ ಹುಬ್ಬು ಮೇಲೇರಿಸುವ ಉಳಿದ ಸಂಗತಿಗಳು: ವರ್ಷದ ಮಧ್ಯೆ ಸಿಎಫ್‌ಒ ರಾಜೀನಾಮೆ, ಹಿಂದಿನ ಆಡಿಟರ್ ಅವಧಿಗೆ ಮೊದಲೇ ಹೊರಟಿರುವುದು, ಪ್ರವರ್ತಕರೊಬ್ಬರೇ ಚೆಕ್ಕಿಗೂ ಖರೀದಿಗೂ ಸಂಬಳಕ್ಕೂ ಸಹಿ ಹಾಕುವುದು, ಮಾರ್ಚ್ ಕೊನೆಯ ವಾರ ಬಂದು ಏಪ್ರಿಲ್ ಮೊದಲ ವಾರ ಹಿಂದಿರುಗುವ ದೊಡ್ಡ ಮೊತ್ತಗಳು. ಇವು ಇದ್ದರೆ ಅಡಗಿಸಬೇಡಿ. ಕಾರಣ ಬರೆದ ಟಿಪ್ಪಣಿಯನ್ನು ಮೊದಲೇ ಕೊಟ್ಟರೆ ಹತ್ತು ನಿಮಿಷದ ಮಾತು; ಅವನೇ ಕಂಡುಹಿಡಿದರೆ ಹತ್ತು ದಿನದ ಕೆಲಸ.

ಹಂತ 4: ಸಂಬಂಧಿತರ ಪಟ್ಟಿ

ಕುಟುಂಬದ ಹಿಡಿತವಿರುವ ಕಂಪನಿಗಳಲ್ಲಿ ಅತಿ ಹೆಚ್ಚು ಗಂಟೆ ಸೋರುವ ತೂತು ಇದು. ಆರ್ಥಿಕ ವರ್ಷದ ಮೊದಲ ಬೋರ್ಡ್ ಸಭೆಯಲ್ಲಿ ಪ್ರತಿ ನಿರ್ದೇಶಕರೂ ತಮ್ಮ ಹಿತಾಸಕ್ತಿಯ ವಿವರವನ್ನು ಎಂಬಿಪಿ-1 ನಮೂನೆಯಲ್ಲಿ ಕೊಡಬೇಕು. ಹೋದ ವರ್ಷದ ನಮೂನೆಯ ದಿನಾಂಕವಷ್ಟೇ ತಿದ್ದಿ ಸಹಿ ಹಾಕಿಸುವ ಚಾಳಿ ಎಲ್ಲೆಡೆ ಇದೆ; ಅದನ್ನು ನಿಲ್ಲಿಸಿ.

ಕಂಪನಿ ಸೆಕ್ರೆಟರಿ ಪ್ರತಿ ನಿರ್ದೇಶಕರ ಜೊತೆ ಅರ್ಧ ಗಂಟೆ ಕೂತು ಹೆಸರು ಬರೆಯಬೇಕು: ಹೆಂಡತಿ ಅಥವಾ ಗಂಡ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣ-ತಮ್ಮ, ಅಕ್ಕ-ತಂಗಿ, ಅವಿಭಕ್ತ ಕುಟುಂಬದ ಸದಸ್ಯರು. ಇವರಲ್ಲಿ ಯಾರು ಎಲ್ಲಿ ಪಾಲುದಾರರು, ಯಾವ ಪ್ರೈವೇಟ್ ಕಂಪನಿಯಲ್ಲಿ ನಿರ್ದೇಶಕರು ಅಥವಾ ಷೇರುದಾರರು? ಭಾವಮೈದುನ ಕಾಯ್ದೆಯ ಪಟ್ಟಿಯಲ್ಲಿಲ್ಲ. ಆದರೂ ಆತನ ಟ್ರಾನ್ಸ್‌ಪೋರ್ಟ್ ಸಂಸ್ಥೆಗೆ ನಿಮ್ಮ ಲಾರಿ ಬಾಡಿಗೆಯೆಲ್ಲ ಹೋಗುತ್ತಿದ್ದರೆ ಬರೆದಿಡಿ, ಆಡಿಟರ್ ಕೇಳಿಯೇ ಕೇಳುತ್ತಾರೆ.

ಪಟ್ಟಿಯ ಪ್ಯಾನ್ ಮತ್ತು ಜಿಎಸ್‌ಟಿ ಸಂಖ್ಯೆಗಳನ್ನು ವೆಂಡರ್ ಮಾಸ್ಟರ್ (ಪೂರೈಕೆದಾರರ ಮೂಲ ಪಟ್ಟಿ) ಜೊತೆ ಹೋಲಿಸಿ. ಹೊಂದಿಕೆಯಾದ ಖಾತೆಗಳಿಗೆ ಗುರುತು ಹಾಕಿಸಿ. ಸಂಬಂಧಿತ ಪಕ್ಷದ (ಇಂಥವರ ಜೊತೆಗಿನ) ವ್ಯವಹಾರಗಳಿಗೆ ಆಡಿಟ್ ಕಮಿಟಿ ವರ್ಷಕ್ಕೊಮ್ಮೆ ಒಟ್ಟು ಅನುಮೋದನೆ ಕೊಡಬಹುದು. ಮುಂಗಾಣಲಾಗದವಕ್ಕೆ ಒಂದೊಂದು ವ್ಯವಹಾರಕ್ಕೆ ₹1 ಕೋಟಿ ಮಿತಿ. ಬೆಲೆ ನ್ಯಾಯವಾದದ್ದೆಂದು ತೋರಿಸಲು ಹೊರಗಿನ ಎರಡು ಕೊಟೇಶನ್‌ಗಳನ್ನು ಆಗಲೇ ಕಡತಕ್ಕೆ ಸೇರಿಸಿ. ಹದಿನಾಲ್ಕು ತಿಂಗಳ ನಂತರ ಹುಡುಕಿದರೆ ಸಿಗುವುದಿಲ್ಲ. ಸಿಕ್ಕರೂ ಯಾರೂ ನಂಬುವುದಿಲ್ಲ.

ಹಂತ 5: ಒಂದು ನಿಯಂತ್ರಣವನ್ನು ಹತ್ತಿರದಿಂದ ನೋಡಿ

ಖರೀದಿಯನ್ನೇ ತೆಗೆದುಕೊಳ್ಳಿ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಇರುವ ಮಧ್ಯಮ ಗಾತ್ರದ ಕಾರ್ಖಾನೆ ಎಂದುಕೊಳ್ಳಿ. ದಿನಕ್ಕೆ 40 ಬಿಲ್ಲು. ಪರ್ಚೇಸ್ ಆರ್ಡರ್, ಸ್ಟೋರ್ಸಿನ ಜಿಆರ್‌ಎನ್ (ಮಾಲು ಬಂದದ್ದಕ್ಕೆ ಬರೆಯುವ ಚೀಟಿ), ಸಪ್ಲೈಯರ್ ಇನ್‌ವಾಯ್ಸ್ ಮೂರನ್ನೂ ಗುಮಾಸ್ತರೊಬ್ಬರು ಕೈಯಲ್ಲಿ ಹೋಲಿಸಿ ಟಿಕ್ ಹಾಕುತ್ತಾರೆ. ದಿನಕ್ಕೆ ಹಲವು ಬಾರಿ ನಡೆಯುವ ಇಂಥ ಕೈಕೆಲಸದ ನಿಯಂತ್ರಣ ಪರೀಕ್ಷಿಸಲು ಆಡಿಟರ್ ಸಾಮಾನ್ಯವಾಗಿ 25 ಮಾದರಿ ಎಳೆಯುತ್ತಾರೆ, ಅಪಾಯ ಹೆಚ್ಚೆನಿಸಿದರೆ ಇನ್ನೂ ಹೆಚ್ಚು. ಎರಡರಲ್ಲಿ ಟಿಕ್ ಇಲ್ಲ, ಒಂದರಲ್ಲಿ ಜಿಆರ್‌ಎನ್ ದಿನಾಂಕ ಪಾವತಿಯ ನಂತರದ್ದು. ಅಲ್ಲಿಗೆ ಆ ನಿಯಂತ್ರಣ ಕೆಲಸಕ್ಕೆ ಬಾರದ್ದೆಂದು ತೀರ್ಮಾನ. ಖರೀದಿ ಖಾತೆಯ ನೂರಾರು ವೋಚರ್‌ಗಳ ತಪಾಸಣೆ ಶುರು.

ಅದೇ ಹೋಲಿಕೆಯನ್ನು ಸಾಫ್ಟ್‌ವೇರ್ ಮಾಡಿದರೆ, ಅಂದರೆ ಮೂರರ ಪ್ರಮಾಣವೂ ದರವೂ ಹೊಂದದೆ ಪಾವತಿಯ ಪರದೆಯೇ ತೆರೆಯದಂತಿದ್ದರೆ, ಆ ನಿಯಮವನ್ನು ಒಂದು ಸಲ ಪರೀಕ್ಷಿಸಿದರೆ ಸಾಕಾಗುತ್ತದೆ. ಷರತ್ತು: ಸಾಫ್ಟ್‌ವೇರಿನ ಸೆಟ್ಟಿಂಗ್ ಯಾರು ಬೇಕಾದರೂ ಬದಲಿಸುವಂತಿರಬಾರದು. ಅಡ್ಮಿನ್ ಪಾಸ್‌ವರ್ಡ್ ಅಕೌಂಟ್ಸ್ ವಿಭಾಗದ ನಾಲ್ವರಿಗೂ ಗೊತ್ತಿದ್ದರೆ ಈ ಲಾಭ ಪೂರ್ತಿ ಹೋಯಿತು. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ (ಯಾವಾಗ ಏನು ತಿದ್ದಿದ್ದೆಂಬ ದಾಖಲೆ) ಕಡ್ಡಾಯ. ಅದು ವರ್ಷಪೂರ್ತಿ ನಡೆಯಿತೇ ಎಂದು ಆಡಿಟರ್ ವರದಿಯಲ್ಲೇ ಹೇಳಬೇಕು. ಪರದೆಯಲ್ಲಿ ಮಾಡಿದ ತಿದ್ದುಪಡಿ ದಾಖಲಾಗಿ, ಡೇಟಾಬೇಸಿಗೆ ನೇರವಾಗಿ ಕೈ ಹಾಕಿದ್ದು ದಾಖಲಾಗದಿರುವುದು ಇಲ್ಲಿ ಸಿಕ್ಕಿಬೀಳುವ ಜಾಗ. ನಿಮ್ಮ ಸಾಫ್ಟ್‌ವೇರ್ ಒದಗಿಸುವವರನ್ನು ಇದೊಂದು ಪ್ರಶ್ನೆ ಕೇಳಿ, ಉತ್ತರ ಲಿಖಿತವಾಗಿ ತರಿಸಿಕೊಳ್ಳಿ.

ಈ ಬದಲಾವಣೆಯಿಂದ ನಮ್ಮ ಉದಾಹರಣೆಯ ಕಂಪನಿಯಲ್ಲಿ ಸಹಾಯಕರ 90 ಗಂಟೆ, ಮ್ಯಾನೇಜರ್‌ನ 20 ಗಂಟೆ ಉಳಿಯಿತೆನ್ನಿ. ₹54,000 ಮತ್ತು ₹40,000, ಒಟ್ಟು ₹94,000.

ಆಂತರಿಕ ಆಡಿಟರ್ ಇದ್ದರೆ ಅವರ ಕೆಲಸವನ್ನು ಶಾಸನಬದ್ಧ ಆಡಿಟರ್ (ಕಾಯ್ದೆಯಂತೆ ನೇಮಕವಾದ ಹೊರಗಿನ ಆಡಿಟರ್) ಎಸ್‌ಎ 610 ಎಂಬ ಆಡಿಟ್ ಮಾನದಂಡದಂತೆ ಬಳಸಿಕೊಳ್ಳಬಹುದು. ಅದಕ್ಕೆ ಆಂತರಿಕ ಆಡಿಟರ್ ವರದಿ ಒಪ್ಪಿಸುವುದು ಆಡಿಟ್ ಕಮಿಟಿಗೆ ಆಗಿರಬೇಕು. ಸಿಎಫ್‌ಒ ಕೈಕೆಳಗೆ ಕೂತು, ಸಿಎಫ್‌ಒ ತಿದ್ದಿದ ವರದಿ ಕೊಡುವವರ ಕೆಲಸದ ಮೇಲೆ ಯಾವ ಆಡಿಟರೂ ಭಾರ ಹಾಕುವುದಿಲ್ಲ. ಖರ್ಚು ಉಳಿಸಲೆಂದು ಶಾಸನಬದ್ಧ ಆಡಿಟರಿಗೇ ಆಂತರಿಕ ಆಡಿಟ್ ಕೊಡಲು ಹೋಗಬೇಡಿ. ಸೆಕ್ಷನ್ 144 ಅದನ್ನೂ ಲೆಕ್ಕ ಬರೆದುಕೊಡುವುದನ್ನೂ ನಿಷೇಧಿಸಿದೆ.

ಹಂತ 6: ಮಾರ್ಚ್ 31ರ ಆಸುಪಾಸು

ಇಲ್ಲಿ ಹೇಳಬೇಕಾದ್ದು ಸ್ವಲ್ಪ, ಆದರೆ ತಪ್ಪಿದರೆ ದುಬಾರಿ. ದಾಸ್ತಾನು ಎಣಿಕೆ ಮಾರ್ಚ್ 31ಕ್ಕೇ ನಡೆಯಲಿ, ಎರಡು ವಾರ ಮೊದಲು ಆಡಿಟರಿಗೆ ದಿನ ತಿಳಿಸಿ. ಏಪ್ರಿಲ್ 6ಕ್ಕೆ ಎಣಿಸಿದರೆ ನಡುವಿನ ಪ್ರತಿ ಜಿಆರ್‌ಎನ್, ಪ್ರತಿ ಡೆಲಿವರಿ ಚಲನ್ ಹಿಡಿದು ಹಿಂದಕ್ಕೆ ಲೆಕ್ಕ ಹಾಕಬೇಕು. ಜಾಬ್ ವರ್ಕಿಗೆ (ಹೊರಗಿನವರಲ್ಲಿ ಮಾಡಿಸುವ ಕೆಲಸಕ್ಕೆ) ಹೋದ ಮಾಲಿನ ಪಟ್ಟಿ ಬೇರೆ ಇರಲಿ.

ಶಿಲ್ಕು ಎಷ್ಟಿದೆಯೆಂದು ಖಚಿತಪಡಿಸಲು ಕೇಳುವ ಬ್ಯಾಂಕ್ ದೃಢೀಕರಣ ಪತ್ರವನ್ನು ಆಡಿಟರ್ ತಾವೇ ಕಳಿಸಬೇಕು, ಉತ್ತರವೂ ಬ್ಯಾಂಕಿನಿಂದ ನೇರ ಅವರಿಗೇ ಬರಬೇಕು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು 2009ರ ಜನವರಿ 7ರಂದು ವಂಚನೆ ಒಪ್ಪಿಕೊಂಡು ಬರೆದ ಪತ್ರದ ಪ್ರಕಾರ, ಲೆಕ್ಕದಲ್ಲಿ ತೋರಿಸಿದ್ದ ನಗದು-ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ನಿಜಕ್ಕೂ ಇರಲೇ ಇಲ್ಲ. ಆ ಬೋರ್ಡಿನಲ್ಲಿ ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದರು, ಹೊರಗೆ ಹೆಸರಾಂತ ಆಡಿಟ್ ಸಂಸ್ಥೆಯಿತ್ತು. "ನಾವೇ ಬ್ಯಾಂಕಿನಿಂದ ತಂದುಕೊಡುತ್ತೇವೆ, ನಿಮಗೆ ಸಮಯ ಉಳಿಯುತ್ತದೆ" ಎಂದು ಆಡಿಟರಿಗೆ ಹೇಳುವುದು ಉಳಿತಾಯವಲ್ಲ.

ಹಂತ 7: ಫೀಸಿನ ಮಾತುಕತೆ

ಆಡಿಟ್ ಕಮಿಟಿಯಿದ್ದರೆ ನೇಮಕ, ಫೀಸು ಮತ್ತು ಷರತ್ತುಗಳ ಶಿಫಾರಸು ಅದರ ಕೆಲಸ. ಸೆಕ್ಷನ್ 142ರಂತೆ ಫೀಸು ನಿಗದಿಯಾಗುವುದು ಸಾಮಾನ್ಯ ಸಭೆಯಲ್ಲಿ ಅಥವಾ ಸಭೆ ಹೇಳಿದ ರೀತಿಯಲ್ಲಿ. ಎಂ.ಡಿ. ಮತ್ತು ಆಡಿಟ್ ಪಾರ್ಟ್‌ನರ್ ಊಟದ ಮೇಜಿನ ಮೇಲೆ ಮೊತ್ತ ಮುಗಿಸಿ ಬಂದು ಕಮಿಟಿಯಲ್ಲಿ ಸಹಿ ಹಾಕಿಸುವುದಾದರೆ ಕಮಿಟಿ ಇದ್ದೂ ಇಲ್ಲದಂತೆ. ಫೀಸು ತಗ್ಗಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ತಪ್ಪು ಹೇಳಲು ಆಡಿಟರ್ ಹಿಂಜರಿಯುತ್ತಾರೆ, ಅಷ್ಟೇ ಸರಳ.

ಒಪ್ಪಂದ ಪತ್ರದಲ್ಲಿ ಬರೆಯಿಸಬೇಕಾದ್ದು: ಯಾವ ಘಟಕ, ಶಾಖೆ, ಅಂಗಸಂಸ್ಥೆಗಳು ಸೇರಿವೆ, ತೆರಿಗೆ ಆಡಿಟ್ ಒಳಗೋ ಹೊರಗೋ, ಪ್ರಯಾಣ-ವಸತಿ ಖರ್ಚಿಗೆ ಗರಿಷ್ಠ ಮಿತಿ, ದಾಖಲೆ ಕೊಡಬೇಕಾದ ದಿನಾಂಕಗಳು, ಕಂಪನಿ ತಡ ಮಾಡಿದರೆ ಹೆಚ್ಚುವರಿ ಗಂಟೆಯ ದರ ಎಷ್ಟು, ಅದನ್ನು ಮೊದಲೇ ಯಾರು ಒಪ್ಪಬೇಕು. ಈ ಕೊನೆಯದು ಇಲ್ಲದಿದ್ದರೆ ಆಗಸ್ಟಿನಲ್ಲಿ ಜಗಳ ಖಚಿತ. ಲಿಸ್ಟೆಡ್ ಕಂಪನಿಯಾದರೆ ತ್ರೈಮಾಸಿಕ ಫಲಿತಾಂಶಗಳ ಸೀಮಿತ ಪರಿಶೀಲನೆಯ (ಪೂರ್ಣ ಆಡಿಟಿಗಿಂತ ಹಗುರವಾದ ತಪಾಸಣೆ) ಫೀಸನ್ನೂ ಬೇರೆ ಬರೆಯಿಸಿ. ಅಂಥ ಕಂಪನಿ ಸಭೆಯ ನೋಟಿಸಿನಲ್ಲೇ ಪ್ರಸ್ತಾವಿತ ಫೀಸು ತಿಳಿಸಬೇಕು; ಹೊಸ ಆಡಿಟರ್ ಫೀಸು ಹಳಬರದ್ದಕ್ಕಿಂತ ಗಣನೀಯವಾಗಿ ಬೇರೆಯಾದರೆ ಕಾರಣವನ್ನೂ ಕೊಡಬೇಕು.

ಅತಿ ಕಡಿಮೆ ಕೊಟೇಶನ್ ಬಂದಾಗ ಗಂಟೆಯ ಹಾಳೆ ತೆಗೆಯಿರಿ. ಮೂರು ಸಂಸ್ಥೆಗಳಲ್ಲಿ ಎರಡು 650-700 ಗಂಟೆ ಎಂದಿದ್ದು ಒಂದು 350 ಎಂದರೆ, ಆ ಸಂಸ್ಥೆ ಯಾವ ಕೆಲಸ ಬಿಡುತ್ತದೆ ಎಂದು ಕೇಳಿ. ಬಿಡುವುದಿಲ್ಲ ಎಂದರೆ ಪಾರ್ಟ್‌ನರ್ ಮುಖ ವರ್ಷಕ್ಕೊಮ್ಮೆ ಸಹಿ ದಿನ ಮಾತ್ರ ಕಾಣುತ್ತದೆ, ಇಲ್ಲವೇ ನಷ್ಟವನ್ನು ಬೇರೆ ಸೇವೆಗಳ ಬಿಲ್ಲಿನಲ್ಲಿ ತುಂಬಿಕೊಳ್ಳುವ ಲೆಕ್ಕಾಚಾರವಿದೆ. ಹಂತ 1ರಲ್ಲಿ "ಇತರ ಸೇವೆ" ಸಾಲನ್ನು ಬೇರೆ ಇಡಲು ಹೇಳಿದ್ದು ಇದಕ್ಕೇ.

ಆಡಿಟರ್ ಬದಲಿಸುವ ವರ್ಷ ಅಗ್ಗವಾಗಲಾರದು. ಹೊಸಬರು ಆರಂಭಿಕ ಶಿಲ್ಕುಗಳನ್ನೆಲ್ಲ ಪರಿಶೀಲಿಸಬೇಕು, ಹಳಬರಿಗೆ ಪತ್ರ ಬರೆದು ವಿಚಾರಿಸಬೇಕು. ಹಳಬರ ತಕರಾರಿಲ್ಲದ ಫೀಸು ಬಾಕಿಯಿದ್ದರೆ ಹೊಸಬರು ನೇಮಕ ಒಪ್ಪುವಂತೆಯೇ ಇಲ್ಲ. ಮೊದಲು ಅದನ್ನು ಚುಕ್ತಾ ಮಾಡಿ. ನೇಮಕವಾದ ಸಭೆಯಿಂದ 15 ದಿನದೊಳಗೆ ನೇಮಕ ತಿಳಿಸುವ ಎಡಿಟಿ-1 ನಮೂನೆಯನ್ನು ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಿ.

ಹಂತ 8: ಹೆಚ್ಚಿಗೆ ಕೊಡಬೇಕಾದಲ್ಲಿ ಕೊಡಿ

ಮತ್ತೆ ಆ ₹9,08,000ಕ್ಕೆ ಬನ್ನಿ. ಹೊರಗಿನ ಜಾಬ್ ವರ್ಕರ್‌ಗಳ ಬಳಿ ಇರುವ ಮಾಲು ದಾಸ್ತಾನಿನ ಕಾಲು ಭಾಗ, ಅಲ್ಲಿಗೆ ಈವರೆಗೆ ಯಾರೂ ಹೋಗಿ ನೋಡಿಲ್ಲ ಎಂದು ಸ್ವತಂತ್ರ ನಿರ್ದೇಶಕರೊಬ್ಬರು ಎತ್ತುತ್ತಾರೆ. ಆರು ಸ್ಥಳಗಳಿಗೆ ಭೇಟಿ: ಸಹಾಯಕರು 30 ಗಂಟೆ, ₹18,000, ಮ್ಯಾನೇಜರ್ 10 ಗಂಟೆ, ₹20,000, ಕಮಿಟಿಗೆ ವಿವರಿಸಲು ಪಾರ್ಟ್‌ನರ್ 8 ಗಂಟೆ, ₹40,000. ಒಟ್ಟು ₹78,000. ಉಳಿಸಿದ ₹94,000 ಕಳೆದು ಇದನ್ನು ಕೂಡಿದರೆ ಹೊಸ ಫೀಸು ₹8,92,000.

ಹೊರಗಿನಿಂದ ನೋಡಿದವರಿಗೆ ₹16,000 ಇಳಿದಿದೆ, ಏನೂ ಬದಲಾಗಿಲ್ಲ. ಒಳಗೆ ಮಾತ್ರ ಟಿಕ್ ಹುಡುಕುತ್ತಿದ್ದ 110 ಗಂಟೆ ಹೋಗಿ, ಕಾಲು ಭಾಗ ದಾಸ್ತಾನು ನಿಜಕ್ಕೂ ಇದೆಯೇ ಎಂದು ನೋಡುವ 48 ಗಂಟೆ ಬಂದಿದೆ. ಫೀಸು ಏರಿತೋ ಇಳಿಯಿತೋ ಎಂಬುದರಿಂದ ಆಡಳಿತದ ಗುಣ ಅಳೆಯಲಾಗದು ಎನ್ನುವುದು ಹೀಗೆ.

ಹಂತ 9: ಆಡಿಟ್ ನಡೆಯುವಾಗ, ಮುಗಿದ ಮೇಲೆ

ಬೇಕಾದ ದಾಖಲೆಗಳ ಪಟ್ಟಿಯನ್ನು ಆಡಿಟರಿಂದ ಮಾರ್ಚ್ ಮೊದಲ ವಾರದಲ್ಲೇ ಪಡೆಯಿರಿ. ಒಂದೇ ಎಕ್ಸೆಲ್ ಹಾಳೆಯಲ್ಲಿ ದಾಖಲೆ, ಹೊಣೆಗಾರ, ಕೊಡಬೇಕಾದ ದಿನ, ಕೊಟ್ಟ ದಿನ ಇರಲಿ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕೂತು ತುಂಬಿ. "ಅಕೌಂಟ್ಸ್ ವಿಭಾಗ" ಎಂದು ಬರೆಯಬೇಡಿ, ಒಬ್ಬರ ಹೆಸರು ಬರೆಯಿರಿ.

ಕಮಿಟಿ ಆಡಿಟರ ಜೊತೆ ವರ್ಷಕ್ಕೆ ಒಮ್ಮೆಯಾದರೂ ಆಡಳಿತ ವರ್ಗದವರನ್ನು ಹೊರಗಿಟ್ಟು ಮಾತಾಡಬೇಕು. ಕೇಳಬೇಕಾದ್ದು ಮೂರೇ: ಯಾವ ದಾಖಲೆಗೆ ಅತಿ ಹೆಚ್ಚು ಕಾಯಬೇಕಾಯಿತು, ಯಾವ ಅಂದಾಜಿನ ಬಗ್ಗೆ ಮ್ಯಾನೇಜ್‌ಮೆಂಟಿನ ಜೊತೆ ವಾದ ನಡೆಯಿತು, ಯೋಜಿಸಿದ್ದಕ್ಕಿಂತ ಗಂಟೆ ಎಲ್ಲಿ ಮೀರಿತು.

ವರದಿಗೆ ಸಹಿಯಾದ ತಿಂಗಳೊಳಗೆ ಯೋಜಿತ ಗಂಟೆ, ಆದ ಗಂಟೆ, ವ್ಯತ್ಯಾಸಕ್ಕೆ ಕಾರಣ, ಕಾರಣ ಯಾರ ಕಡೆಯದು ಎಂಬ ನಾಲ್ಕು ಕಾಲಮ್ಮಿನ ಹಾಳೆಯನ್ನು ಕಮಿಟಿಯ ಮುಂದಿಟ್ಟು ನಡಾವಳಿಗೆ ಲಗತ್ತಿಸಿ. ಮುಂದಿನ ವರ್ಷ ಶೇ 15 ಎಂಬ ಮಾತು ಬಂದಾಗ ಮೇಜಿನ ಮೇಲೆ ಮೊದಲು ಬರಬೇಕಾದ ಕಾಗದ ಅದೇ.